ಕೋವಿಯ ಕುದುರೆಗೆ ಒಪ್ಪುವ ಕಲ್ಲು

ಕೇಳುಗರೆಲ್ಲರಿಗೂ ನಮಸ್ಕಾರ.

ಮಂಜೇಶ್ವರ, ಕುಂಬಳೆ, ಒಳಗೆ ಬದಿಯಡ್ಕ, ಅಡೂರಿನ ಕಡೆ ಕೆಲವು ಹಳೆಯ ಮನೆಗಳಲ್ಲಿ ಅಜ್ಜಂದಿರ ಕಾಲದ ಕೋವಿ ಇನ್ನೂ ಉಳಿದಿದೆ. ಹೆಚ್ಚಿನವು ಕೇಪಿನ ಕೋವಿಗಳು, ಅಂದರೆ ಸಿಡಿಮದ್ದು ತುಂಬಿದ ಸಣ್ಣ ಟೊಪ್ಪಿ ಇಟ್ಟು ಹಾರಿಸುವಂಥವು. ಅದಕ್ಕೂ ಹಿಂದಿನ ಚಕಮಕಿ ಕೋವಿ, ಅಂದರೆ ಕುದುರೆಯ (ಹಾರಿಸುವಾಗ ಮುಂದಕ್ಕೆ ಬಡಿಯುವ ಭಾಗದ) ಬಾಯಲ್ಲಿ ಕಲ್ಲು ಕಚ್ಚಿಸಿದ ಕೋವಿ, ತೀರಾ ಅಪರೂಪ. ಅಂಥದ್ದು ಇದ್ದವರು ಕೇಳುವ ಪ್ರಶ್ನೆ ಒಂದೇ. "ಕಲ್ಲು ಬಿದ್ದುಹೋಗಿದೆ ಮಾರಾಯ್ರೇ, ಈಗ ಯಾವ ಕಲ್ಲು ಹಾಕುವುದು?"

ಕಲ್ಲಿನ ವಿಷಯಕ್ಕೆ ಹೋಗುವ ಮೊದಲು ಒಂದು ಮಾತು. ಗೋಡೆಯಲ್ಲಿ ನೇತಾಡುವ ಹಳೆಯ ಕೋವಿಯೊಳಗೆ ಈಡು, ಅಂದರೆ ತುಂಬಿಸಿಟ್ಟ ಮದ್ದುಗುಂಡು, ಹಾಗೇ ಉಳಿದಿರಬಹುದು. ಹತ್ತಾರು ವರ್ಷ ಕಳೆದರೂ ಒಣಗಿದ ಮದ್ದು ಮದ್ದೇ. ಒಂದು ಮರದ ಕೋಲನ್ನು ನಳಿಗೆಯೊಳಗೆ ತುದಿ ಮುಟ್ಟುವ ತನಕ ಇಳಿಸಿ. ನಳಿಗೆಯ ಬಾಯಿಗೆ ಸರಿಯಾಗಿ ಕೋಲಿನ ಮೇಲೆ ಗುರುತು ಹಾಕಿ. ಆಮೇಲೆ ಅದೇ ಕೋಲನ್ನು, ಗುರುತು ನಳಿಗೆಯ ಬಾಯಿಗೇ ಬರುವಂತೆ, ಹೊರಗಿನಿಂದ ನಳಿಗೆಗೆ ತಾಗಿಸಿ ಹಿಡಿಯಿರಿ. ಕೋಲಿನ ತುದಿ ಬೆಂಕಿ ಹೋಗುವ ಕಿವಿಯ ಹತ್ತಿರಕ್ಕೆ ಬರಬೇಕು. ಅಲ್ಲಿಗೆ ಬಾರದೆ ಮುಂದೆಯೇ ನಿಂತರೆ ಒಳಗೆ ಏನೋ ಇದೆ ಎಂದೇ ಲೆಕ್ಕ. ಆಗ ಅದನ್ನು ಮುಟ್ಟದೆ, ಕೆಲಸ ಗೊತ್ತಿದ್ದವರನ್ನು ಕರೆಯಿರಿ.

ಈಗ ಕಲ್ಲಿಗೆ ಬರೋಣ. ಕಿಡಿ ಕಲ್ಲಿನಿಂದ ಹಾರುತ್ತದೆ ಎಂದು ತುಂಬಾ ಜನ ತಿಳಿದಿದ್ದಾರೆ. ಹಾರುವುದು ಉಕ್ಕು. ಕುದುರೆ ಬೀಳುವಾಗ ಕಲ್ಲಿನ ಅಂಚು ಎದುರಿನ ಉಕ್ಕಿನ ತಗಡನ್ನು ಮೇಲಿಂದ ಕೆಳಕ್ಕೆ, ಬಡಗಿಯ ಉಳಿ ಮರ ಹೆರೆದ ಹಾಗೆ, ಹೆರೆಯುತ್ತದೆ. ಎದ್ದ ಸಣ್ಣ ಸಣ್ಣ ಉಕ್ಕಿನ ಚೂರು ಆ ಉಜ್ಜಾಟದ ಬಿಸಿಗೆ ಗಾಳಿಯಲ್ಲೇ ಹೊತ್ತಿಕೊಳ್ಳುತ್ತದೆ. ಅದೇ ಹೊಡೆತಕ್ಕೆ ತಗಡು ನಳಿಗೆಯ ಬಾಯಿಯ ಕಡೆಗೆ ಮಗುಚಿ ರಂಜಕದ, ಅಂದರೆ ಮೊದಲು ಹೊತ್ತುವ ನುಣ್ಣನೆಯ ಮದ್ದಿನ, ಬಟ್ಟಲು ತೆರೆದುಕೊಳ್ಳುತ್ತದೆ. ಕಿಡಿ ಅದರೊಳಗೆ ಬೀಳುತ್ತದೆ. ಹಾಗಾಗಿ ಕಲ್ಲು ಆರಿಸುವಾಗ ಅದರ ಬಣ್ಣಕ್ಕಿಂತ, ಹೊಳಪಿಗಿಂತ ಅಂಚು ಮುಖ್ಯ. ಉಕ್ಕನ್ನು ಹೆರೆಯುವಷ್ಟು ಗಟ್ಟಿ, ಹರಿತ, ನೇರ ಅಂಚು ಬೇಕು.

ನಮ್ಮೂರಲ್ಲಿ ಮುರಕಲ್ಲಿಗೆ ಬರವಿಲ್ಲ, ಆದರೆ ಅದು ಈ ಕೆಲಸಕ್ಕೆ ತೀರಾ ಮೆದು. ತೋಟದ ಬದಿಯಲ್ಲಿ, ತೋಡಿನಲ್ಲಿ ಸಿಗುವ ಬಿಳಿ ಬೆಣಚು ಕಲ್ಲನ್ನು ತಂದು ತೋರಿಸುವವರಿದ್ದಾರೆ. ಬೆಣಚು ಗಟ್ಟಿ ಹೌದು. ಕತ್ತಿಯ ಹಿಂಬದಿಗೆ ಉಜ್ಜಿದರೆ ಕಿಡಿಯೂ ಬರುತ್ತದೆ. ಆದರೆ ಒಡೆದರೆ ಹರಳು ಹರಳಾಗಿ, ಅಡ್ಡಾದಿಡ್ಡಿ ಒಡೆಯುತ್ತದೆ. ನೇರ ಅಂಚು ಸಿಗುವುದಿಲ್ಲ. ಸಿಕ್ಕಿದರೂ ಎರಡು ಮೂರು ಪೆಟ್ಟಿಗೆ ಉದುರಿಹೋಗುತ್ತದೆ. ಘಟ್ಟದಾಚೆ, ಸೋಲಾಪುರದ ಕಡೆಯ ಕಪ್ಪು ಬಂಡೆಯ ನಾಡಿನಲ್ಲಿ ಅಗೇಟ್ ಸಿಗುತ್ತದೆ. ಅದು ಬೆಣಚಿಗಿಂತ ಎಷ್ಟೋ ವಾಸಿ. ಆದರೂ ಗರಗಸದಲ್ಲಿ ಕೊಯ್ದು ನಯ ಮಾಡಿದ ಅಗೇಟ್ ತುಂಡಿಗೆ, ಒಡೆದು ತೆಗೆದ ಚಕಮಕಿ ಕಲ್ಲಿನ ಹರಿತ ಇರುವುದಿಲ್ಲ. ಮೊಂಡಾದರೆ ಹೊಸ ಅಂಚು ತೆಗೆಯುವುದೂ ಕಷ್ಟ.

ನಿಜವಾದ ಚಕಮಕಿ ಕಲ್ಲು ಹುಟ್ಟುವುದು ಸುಣ್ಣದ ಬಿಳಿ ಬಂಡೆಯ ನಡುವೆ. ಇಂಗ್ಲೆಂಡಿನ ಸಫೋಕ್ ಸೀಮೆಯ ಬ್ರಾಂಡನ್ ಎಂಬ ಊರು ಈ ಕಲ್ಲಿಗೆ ಹೆಸರುವಾಸಿ. ನೆಪೋಲಿಯನ್ ಜೊತೆಗಿನ ಯುದ್ಧಗಳ ಕಾಲದಲ್ಲಿ ಬ್ರಿಟಿಷ್ ಸೈನ್ಯಕ್ಕೆ ಕಲ್ಲು ಹೋದದ್ದು ಅಲ್ಲಿಂದ. ಕೆಲಸಗಾರ ಎಡ ಮೊಣಕಾಲಿಗೆ ದಪ್ಪ ಚರ್ಮ ಕಟ್ಟಿಕೊಂಡು, ಕಲ್ಲಿನ ಉಂಡೆಯನ್ನು ಅದರ ಮೇಲಿಟ್ಟು ಮೊದಲು ದೊಡ್ಡ ತುಂಡು ಮಾಡುತ್ತಿದ್ದ. ಆಮೇಲೆ ಸುತ್ತಿಗೆಯಿಂದ ಉದ್ದುದ್ದ ಪಟ್ಟಿ ಎಬ್ಬಿಸುತ್ತಿದ್ದ. ಕೊನೆಗೆ ಆ ಪಟ್ಟಿಯನ್ನು ಕಬ್ಬಿಣದ ಗೂಟದ ಮೇಲಿಟ್ಟು ಚೌಕ ಚೌಕವಾಗಿ ಕಡಿಯುತ್ತಿದ್ದ. ಬ್ರಾಂಡನ್ ಕಲ್ಲು ಕಪ್ಪು. ಫ್ರಾನ್ಸಿನದು ಜೇನಿನ ಬಣ್ಣ. ಎರಡರಲ್ಲೂ ಒಳ್ಳೆಯದಿದೆ, ಎರಡರಲ್ಲೂ ಕೆಟ್ಟದ್ದಿದೆ. ಬಣ್ಣ ನೋಡಿ ದುಡ್ಡು ಕೊಡಬೇಡಿ.

ಹಾಗಾದರೆ ಏನು ನೋಡಬೇಕು? ಕಲ್ಲನ್ನು ಬಿಸಿಲಿಗೆ ಹಿಡಿಯಿರಿ. ತೆಳುವಾದ ಅಂಚಿನಲ್ಲಿ ಬೆಳಕು ಸ್ವಲ್ಪ ದಾಟಬೇಕು. ಅಂಚಿನ ಹತ್ತಿರ ಸುಣ್ಣದಂಥ ಬಿಳಿ ಚುಕ್ಕೆ ಇದ್ದರೆ ಬದಿಗಿಡಿ, ಅಲ್ಲಿಂದಲೇ ಮುಕ್ಕಾಗುತ್ತದೆ. ಕೂದಲೆಳೆಯಂಥ ಬಿರುಕು ಇದ್ದರೂ ಬೇಡ. ಅಂಚು ನೇರವಾಗಿರಬೇಕು, ಹಿಂಬದಿಗೆ ಸಮಾನಾಂತರವಾಗಿರಬೇಕು. ಓರೆಯಾದರೆ ಒಂದು ಮೂಲೆ ಮಾತ್ರ ಉಕ್ಕಿಗೆ ತಾಗುತ್ತದೆ. ಅಂಚು ತೀರಾ ತೆಳುವಾದರೆ ಮೊದಲ ಪೆಟ್ಟಿಗೇ ಮುರಿಯುತ್ತದೆ, ದಪ್ಪವಾದರೆ ಉಕ್ಕನ್ನು ಹೆರೆಯದೆ ಸುಮ್ನೆ ಗುದ್ದುತ್ತದೆ. ಕೆಳಗಿನ ಮೈ ಚಪ್ಪಟೆಯಾಗಿರಲಿ. ಗೂನು ಇರುವ ಕಲ್ಲು ಎಷ್ಟು ಬಿಗಿದರೂ ಅಲ್ಲಾಡುತ್ತದೆ.

ಅಗಲ ಉಕ್ಕಿನ ತಗಡಿನಷ್ಟೇ ಇರಬೇಕು, ಕೂದಲಿನಷ್ಟು ಕಡಿಮೆಯಾದರೆ ಇನ್ನೂ ಒಳ್ಳೆಯದು. ಜಾಸ್ತಿಯಾದರೆ ನಳಿಗೆಯ ಪಕ್ಕವನ್ನು ಕೆರೆಯುತ್ತದೆ. ಸಾಮಾನ್ಯವಾಗಿ ರೈಫಲಿಗೆ ಮುಕ್ಕಾಲು ಇಂಚಿನ ಆಸುಪಾಸು ಸಾಕು, ಸೈನಿಕರ ದೊಡ್ಡ ಮಸ್ಕೆಟ್ಟಿಗೆ ಒಂದು ಇಂಚು ದಾಟಬೇಕು. ಆದರೆ ಅಂದಾಜಿಗೆ ತರಿಸಬೇಡಿ. ನಿಮ್ಮ ಕೋವಿಯ ತಗಡನ್ನೇ ಅಳೆದುಕೊಳ್ಳಿ. ಕುದುರೆಯನ್ನು ಅರ್ಧ ಎಳೆದು ನಿಲ್ಲಿಸಿದಾಗ ಅಂಚು ತಗಡಿಗೆ ತಾಗದೆ, ಹತ್ತಿರದಲ್ಲೇ ನಿಲ್ಲಬೇಕು. ಉದ್ದವನ್ನು ಹೀಗೆ ನೋಡಿಕೊಳ್ಳುವುದು.

ಕೂರಿಸುವುದರಲ್ಲೂ ಅಷ್ಟೇ ಕೆಲಸವಿದೆ. ಕಲ್ಲನ್ನು ಬರಿದೇ ಕಚ್ಚಿಸಿದರೆ ಬಿರಿಯುತ್ತದೆ, ಜಾರುತ್ತದೆ. ಹದವಾದ ಚರ್ಮದ ತುಂಡೊಂದನ್ನು ಮಡಚಿ, ತಿರುಪು ಹಾಯುವಲ್ಲಿ ಸಣ್ಣ ತೂತು ಮಾಡಿ, ಅದರೊಳಗೆ ಕಲ್ಲಿಡಿ. ಸೈನ್ಯದ ಮಸ್ಕೆಟ್ಟುಗಳಲ್ಲಿ ಚರ್ಮದ ಬದಲು ಸೀಸದ ತೆಳು ತಗಡು ಸುತ್ತುವ ಕ್ರಮವೂ ಇತ್ತು. ಚರ್ಮದ ತುದಿ ಮುಂದಕ್ಕೆ ಚಾಚಬಾರದು. ನಾಲ್ಕಾರು ಪೆಟ್ಟಿನ ಮೇಲೆ ಚರ್ಮ ಒತ್ತಿಕೊಂಡು ತೆಳುವಾಗುತ್ತದೆ, ಆಗ ತಿರುಪನ್ನು ಮತ್ತೊಮ್ಮೆ ಬಿಗಿಯಿರಿ. ಕಲ್ಲಿನ ಇಳಿಜಾರು ಮುಖ ಮೇಲಿರಬೇಕಾ, ಕೆಳಗಿರಬೇಕಾ? ಇದಕ್ಕೆ ಎಲ್ಲ ಕೋವಿಗೂ ಒಪ್ಪುವ ಉತ್ತರ ಇಲ್ಲ. ಮೇಲಿದ್ದರೆ ಅಂಚು ತಗಡಿಗೆ ಸ್ವಲ್ಪ ಕೆಳಗೆ ತಾಗುತ್ತದೆ, ಕೆಳಗಿದ್ದರೆ ಸ್ವಲ್ಪ ಮೇಲೆ. ಬುಡದಿಂದ ಮೂರರಲ್ಲಿ ಎರಡು ಪಾಲಿನಷ್ಟು ಎತ್ತರದಲ್ಲಿ ತಾಗಿ ಕೆಳಕ್ಕೆ ಹೆರೆದರೆ ಸರಿ. ಎರಡೂ ರೀತಿ ಇಟ್ಟು, ಮದ್ದು ಹಾಕದೆ, ಕತ್ತಲೆ ಕೋಣೆಯಲ್ಲಿ ಕುದುರೆ ಬೀಳಿಸಿ ನೋಡಿ. ಬಟ್ಟಲಿಗೆ ಬೆಳ್ಳಗಿನ ದಪ್ಪ ಕಿಡಿ ಸುರಿದರೆ ಆಯಿತು. ಕೆಂಪಗಿನ ಮಂಕು ಕಿಡಿ ಬಂದರೆ ಕಲ್ಲನ್ನು ಬೈಯುವ ಮೊದಲು ತಗಡಿನ ಎಣ್ಣೆ ಒರೆಸಿ. ಒಳ್ಳೆಯ ಕಲ್ಲಿಗೂ ಕಿಡಿ ಬಾರದೆ ತಗಡಿನಲ್ಲಿ ಆಳವಾದ ಗೀರು ಬಿದ್ದರೆ, ತಗಡೇ ಮೆದುವಾಗಿದೆ ಎಂದರ್ಥ. ಅದಕ್ಕೆ ಮತ್ತೆ ಹದ ಕೊಡಿಸಬೇಕು.

ಬ್ರಿಟಿಷ್ ಸೈನ್ಯದಲ್ಲಿ ಸುಮಾರು 20 ಈಡಿಗೆ ಒಂದು ಕಲ್ಲು ಎಂಬ ಲೆಕ್ಕ ಇತ್ತು. ಬೇಕಲ ಕೋಟೆಯನ್ನು ಹೈದರಾಲಿ, ಟಿಪ್ಪು, ಕಡೆಗೆ ಕಂಪನಿ ಹಿಡಿದ ಕಾಲವೆಲ್ಲ ಈ ಕಲ್ಲಿನ ಕಾಲವೇ. ಟಿಪ್ಪುವಿನ ಶ್ರೀರಂಗಪಟ್ಟಣದಲ್ಲಿ ಚಕಮಕಿ ಕೋವಿಗಳು ತಯಾರಾಗುತ್ತಿದ್ದವು. 1837ರಲ್ಲಿ ಅಮರ ಸುಳ್ಯದ ದಂಗೆ ನಡೆದಾಗಲೂ ಬ್ರಿಟಿಷರು ಕೇಪಿನ ಕೋವಿಗೆ ಇನ್ನೂ ಪೂರ್ತಿ ಹೊರಳಿರಲಿಲ್ಲ. ಮಳೆಗಾಲದ ನಮ್ಮ ತೇವದಲ್ಲಿ ರಂಜಕ ಒಣಗಿಸಿಟ್ಟುಕೊಂಡು, ಕಲ್ಲಿನ ಅಂಚು ಕಾಯ್ದುಕೊಂಡು ಈ ಕೋವಿ ಹಿಡಿದವರ ಪಾಡನ್ನು ನೆನೆದರೆ ಮನಸ್ಸು ಕಲಕುತ್ತದೆ.

ಹಳೆಯ ಕೋವಿಗೆ ಲೈಸನ್ಸ್ ಬೇಡ ಎಂಬ ಮಾತು ಊರಲ್ಲಿದೆ. ನಂಬಬೇಡಿ. 1959ರ ಆಯುಧ ಕಾಯಿದೆಯ ಪ್ರಕಾರ, ರಿಪೇರಿ ಮಾಡಿದರೂ ಹಾರದಂಥ ಹಳೆಯ ಆಯುಧಕ್ಕೆ ಮಾತ್ರ ಆ ವಿನಾಯಿತಿ. ಕಲ್ಲು ಹಾಕಿದರೆ ಹಾರುವ ಕೋವಿಗೆ ಅದು ಸಿಗದು. ಕಾಗದಪತ್ರ ಸರಿ ಮಾಡಿಕೊಂಡ ಮೇಲೆಯೇ ಕಲ್ಲು ತರಿಸಿ.

ಕೊನೆಗೆ ಅಂಚು ತೆಗೆಯುವ ವಿಚಾರ. ಮೊಂಡಾದ ಕಲ್ಲನ್ನು ಎಸೆಯಬೇಕಿಲ್ಲ. ಹಿತ್ತಾಳೆಯ ಸಣ್ಣ ಸುತ್ತಿಗೆಯಿಂದ ಅಂಚಿನುದ್ದಕ್ಕೂ ಹಗುರವಾಗಿ ತಟ್ಟಿದರೆ ಚಿಕ್ಕ ಚಿಕ್ಕ ಚಕ್ಕೆ ಎದ್ದು ಹೊಸ ಹರಿತ ಬರುತ್ತದೆ. ಆದರೆ ಮನೆಯೊಳಗೆ ಕೂತು ಈ ಕೆಲಸ ಬೇಡ. ಬ್ರಾಂಡನ್ನಿನ ಎಷ್ಟೋ ಕೆಲಸಗಾರರು ಈ ಕಲ್ಲಿನ ದೂಳು ಕುಡಿದು ಶ್ವಾಸಕೋಶ ಹಾಳಾಗಿ ಸತ್ತರು. ಅಂಗಳಕ್ಕೆ ಬನ್ನಿ, ಗಾಳಿ ಬೆನ್ನ ಹಿಂದಿನಿಂದ ಬೀಸುವಂತೆ ಕೂತುಕೊಳ್ಳಿ. ಮಾಸ್ಕ್ ಇರಲಿ, ಕಣ್ಣಿಗೆ ಕನ್ನಡಕ ಇರಲಿ, ಮಕ್ಕಳು ದೂರ ಇರಲಿ. ಕೆಲಸ ಮುಗಿದ ಕೂಡಲೇ ಆ ಜಾಗಕ್ಕೆ ನೀರು ಚಿಮುಕಿಸಿ, ಚಕ್ಕೆಗಳನ್ನೆಲ್ಲ ಗುಡಿಸಿ ತೆಗೆಯಿರಿ. ಅವು ಗಾಜಿನಷ್ಟೇ ಹರಿತ, ಬರಿಗಾಲಲ್ಲಿ ಓಡಾಡುವ ಅಂಗಳ ಅಲ್ವಾ.

ನಮಸ್ಕಾರ.