ಬೆಲೆ ತೆರಬೇಕಾದ ಆಯ್ಕೆ: ವಿಡಿಯೊ ಗೇಮ್ ಕಥೆ ಪ್ರೌಢವಾಗುವುದು ಎಲ್ಲಿ

ಮಿತ್ರರೇ,

ಗೇಮ್ ಡಬ್ಬಿಯ ಮೇಲೆ ಅಮೆರಿಕದ ರೇಟಿಂಗ್ ಮಂಡಳಿ ಹಾಕುವ ‘ಎಂ’ ಗುರುತನ್ನು ನೋಡಿರುತ್ತೀರಿ. 17 ತುಂಬಿದವರಿಗೆ ಸೂಕ್ತ ಎಂದು ಅದರ ಅರ್ಥ. ರಕ್ತ ಎಷ್ಟು, ಬೈಗುಳ ಎಷ್ಟು ಎಂಬ ಲೆಕ್ಕ ಅದು. ಕಥೆ ಪ್ರೌಢವಾಗಿದೆಯೇ ಎಂಬುದನ್ನು ತಿಳಿಯಲು ಆಟದ ನಿಯಮಗಳನ್ನೇ ಬಿಚ್ಚಿ ನೋಡಬೇಕು. ಅದಕ್ಕೆ ನನ್ನ ಆಯ್ಕೆ, ಲೂಕಸ್ ಪೋಪ್ 2013ರಲ್ಲಿ ಹೊರತಂದ ‘ಪೇಪರ್ಸ್, ಪ್ಲೀಸ್’.

ಕಾಲ 1982. ಆರ್‌ಸ್ಟೋಟ್ಸ್ಕಾ ಎಂಬ ಕಲ್ಪಿತ ದೇಶದ ಗಡಿಠಾಣೆ. ಆಟಗಾರ ಅಲ್ಲಿ ಪಾಸ್‌ಪೋರ್ಟ್ ನೋಡಿ ಮುದ್ರೆ ಒತ್ತುವ ಅಧಿಕಾರಿ. ಸರಿಯಾಗಿ ವಿಲೇವಾರಿ ಮಾಡಿದ ಪ್ರತಿ ವ್ಯಕ್ತಿಗೆ 5 ಕ್ರೆಡಿಟ್ ಸಂಬಳ. ರಾತ್ರಿ ಅದೇ ದುಡ್ಡಿನಲ್ಲಿ ಬಾಡಿಗೆ, ಊಟ, ಚಳಿ ಕಾಯಿಸಲು ಹೀಟರ್, ಯಾರಾದರೂ ಕಾಯಿಲೆ ಬಿದ್ದಿದ್ದರೆ ಔಷಧಿ. ಮನೆಯಲ್ಲಿ ಹೆಂಡತಿ, ಮಗ, ಅತ್ತೆ, ಚಿಕ್ಕಪ್ಪ.

ಮೊದಲ ವಾರದಲ್ಲೇ ಒಬ್ಬ ಗಂಡಸು ಬರುತ್ತಾನೆ, ಕಾಗದ ಎಲ್ಲ ಸರಿ. ‘ಹಿಂದೆ ನನ್ನ ಹೆಂಡತಿ ಇದ್ದಾಳೆ, ಸ್ವಲ್ಪ ನೋಡಿಕೊಳ್ಳಿ’ ಎನ್ನುತ್ತಾನೆ. ಅವಳ ಬಳಿ ಪ್ರವೇಶ ಪರವಾನಗಿ ಇಲ್ಲ. ವಾಪಸ್ಸು ಹೋದರೆ ಕೊಲ್ಲುತ್ತಾರೆ ಎನ್ನುತ್ತಾಳೆ. ಬಿಟ್ಟರೆ ಪ್ರಿಂಟರ್‌ನಿಂದ ತಪ್ಪಿನ ಚೀಟಿ ಬರುತ್ತದೆ.

ಜಾಣತನವಿರುವುದು ಆ ಚೀಟಿಯ ನಿಯಮದಲ್ಲಿ. ದಿನದ ಮೊದಲ ಎರಡು ತಪ್ಪಿಗೆ ಬರೀ ಎಚ್ಚರಿಕೆ, ಮೂರನೆಯದರಿಂದ ದಂಡ. ಅಂದರೆ ಕರುಣೆಗೆ ದಿನಕ್ಕೆ ಎರಡರ ಕೋಟಾ. ಬೆಳಿಗ್ಗೆ ಅವಧಿ ಮುಗಿದ ಪಾಸ್‌ಪೋರ್ಟನ್ನೋ ತಾಳೆಯಾಗದ ಹೆಸರನ್ನೋ ಗಮನಿಸದೆ ಆ ಎರಡನ್ನೂ ಕಳೆದುಕೊಂಡಿದ್ದರೆ, ಈ ಹೆಂಗಸಿನ ಜೀವದ ಬೆಲೆಯನ್ನು ಮಗನ ಔಷಧಿಯ ದುಡ್ಡಿನಲ್ಲಿ ಕಟ್ಟಬೇಕು. ಮೊದಲ ತಪ್ಪಿಗೇ ದಂಡ ಹಾಕಿದ್ದರೆ ಹೆಚ್ಚಿನವರು ಯೋಚಿಸದೆ ಅವಳನ್ನು ತಳ್ಳುತ್ತಿದ್ದರು. ದಂಡವೇ ಇಲ್ಲದಿದ್ದರೆ ಯೋಚಿಸದೆ ಬಿಡುತ್ತಿದ್ದರು. ಸಂಭಾಷಣೆ ನಾಲ್ಕು ಸಾಲು, ಉಳಿದದ್ದನ್ನೆಲ್ಲ ಅಂಕಿ ಮಾಡಿದೆ.

ಮೇಜನ್ನೂ ಗಮನಿಸಿ. ಬೇಕೆಂದೇ ಚಿಕ್ಕದಾಗಿಟ್ಟಿದ್ದಾರೆ. ನಿಯಮಪುಸ್ತಕ ತೆರೆದರೆ ಪಾಸ್‌ಪೋರ್ಟ್ ಮುಚ್ಚಿಹೋಗುತ್ತದೆ, ಗಡಿಯಾರ ಸಂಜೆ ಆರರ ಕಡೆ ಓಡುತ್ತಿರುತ್ತದೆ. ಸ್ವಲ್ಪ ಹೊತ್ತಿಗೆ ಆಟಗಾರ ಎದುರಿಗಿರುವವರ ಮಾತು ಓದುವುದನ್ನೇ ಬಿಟ್ಟು ದಿನಾಂಕ ಮಾತ್ರ ನೋಡತೊಡಗುತ್ತಾನೆ. ಅಧಿಕಾರಶಾಹಿ ಹೇಗೆ ಕುರುಡಾಗುತ್ತದೆ ಎಂದು ಭಾಷಣ ಬಿಗಿಯುವ ಅಗತ್ಯವೇ ಬೀಳುವುದಿಲ್ಲ.

ಇದರ ಉಲ್ಟಾ ರೋಗ ನಿಮಗೆ ಗೊತ್ತಿದೆ. ಕಟ್‌ಸೀನ್‌ನಲ್ಲಿ, ಅಂದರೆ ಆಟ ನಿಲ್ಲಿಸಿ ಸಿನಿಮಾದಂತೆ ತೋರಿಸುವ ದೃಶ್ಯದಲ್ಲಿ, ಒಂದು ಸಾವಿಗೆ ನಾಯಕ ಕಣ್ಣೀರಿಡುತ್ತಾನೆ, ಮರುಕ್ಷಣ ನೂರು ಜನರನ್ನು ಹೊಡೆದುರುಳಿಸಿ ಅವರ ಜೇಬು ತಡಕುತ್ತಾನೆ. ಕಥೆ ಒಂದು ಹೇಳುತ್ತದೆ, ನಿಯಮ ಇನ್ನೊಂದಕ್ಕೆ ಬಹುಮಾನ ಕೊಡುತ್ತದೆ. ‘ಬಯೋಶಾಕ್’ ಎಂಬ ಆಟದ ಬಗ್ಗೆ ಗೇಮ್ ವಿನ್ಯಾಸಕ ಕ್ಲಿಂಟ್ ಹಾಕಿಂಗ್ 2007ರಲ್ಲೇ ಈ ಆಕ್ಷೇಪ ಎತ್ತಿದ್ದರು. ಇಷ್ಟು ವರ್ಷ ಕಳೆದರೂ ದೊಡ್ಡ ಬಜೆಟ್ಟಿನ ಆಟಗಳು ಇದರಿಂದ ಪೂರ್ತಿ ಹೊರಬಂದಿಲ್ಲ ಎಂಬುದು ನನ್ನ ಅಭಿಪ್ರಾಯ.

ಪೋಲೆಂಡಿನ 11 ಬಿಟ್ ಸ್ಟುಡಿಯೋಸ್ 2014ರಲ್ಲಿ ತಂದ ‘ದಿಸ್ ವಾರ್ ಆಫ್ ಮೈನ್’ ಲೂಟಿಗೇ ಬೆಲೆ ಕಟ್ಟಿತು. ಮುತ್ತಿಗೆಗೆ ಒಳಗಾದ ಊರಿನ ನಾಗರಿಕರು ಅದರ ಪಾತ್ರಗಳು. ವೃದ್ಧ ದಂಪತಿಯ ಮನೆಯಿಂದ ಔಷಧಿ ಕದ್ದು ತಂದರೆ ಹೊಟ್ಟೆಪಾಡು ನಡೆಯುತ್ತದೆ, ಆದರೆ ಕದ್ದವರ ಮನೆಯ ಜನ ಕುಗ್ಗುತ್ತಾರೆ. ಖಿನ್ನತೆ ಬೆಳೆದರೆ ಕೆಲಸ ಹೇಳಿದರೂ ಏಳುವುದಿಲ್ಲ. ಪಶ್ಚಾತ್ತಾಪ ಇಲ್ಲಿ ಕೈಕೆಲಸವನ್ನೇ ನಿಲ್ಲಿಸುತ್ತದೆ.

ಇನ್ನು ಬರೆಯುವವರಿಗೆ. ಪ್ರತಿ ಆಯ್ಕೆಗೂ ಕಥೆ ಕವಲೊಡೆಯಲಿ ಎಂದು ಹೊರಟರೆ ಹತ್ತು ಹೌದು-ಅಲ್ಲಗಳಿಗೆ 1024 ದಾರಿಗಳಾಗುತ್ತವೆ. ಯಾವ ತಂಡವೂ ಅಷ್ಟನ್ನು ಬರೆದು, ಪರೀಕ್ಷಿಸಿ ಮುಗಿಸಲಾರದು. ಕವಲುಗಳನ್ನು ಮತ್ತೆ ಕೂಡಿಸಿ, ವ್ಯತ್ಯಾಸವನ್ನು ವೇರಿಯಬಲ್‌ಗಳಲ್ಲಿ, ಅಂದರೆ ಆಟ ನೆನಪಿಟ್ಟುಕೊಳ್ಳುವ ಬದಲಾಗುವ ಲೆಕ್ಕಗಳಲ್ಲಿ, ಹಿಡಿದಿಡಿ: ಯಾರು ಬದುಕಿದ್ದಾರೆ, ಯಾರಿಗೆ ಸಿಟ್ಟಿದೆ, ಎಷ್ಟು ದುಡ್ಡು ಉಳಿದಿದೆ. ಸೋಲಿಗೂ ದೃಶ್ಯ ಬರೆಯಿರಿ. 2019ರ ‘ಡಿಸ್ಕೊ ಎಲಿಸಿಯಮ್’ನಲ್ಲಿ ಎರಡು ದಾಳ ಉರುಳಿ ಪ್ರಯತ್ನ ವಿಫಲವಾದರೆ, ಎಷ್ಟೋ ಸಲ ಗೆಲುವಿಗಿಂತ ರಸವತ್ತಾದ ಮಾತುಗಳೇ ಸಿಗುತ್ತವೆ, ಹಾಗಾಗಿ ಹಳೆಯ ಸೇವ್‌ಗೆ, ಅಂದರೆ ಮೊದಲು ಉಳಿಸಿಟ್ಟ ಹಂತಕ್ಕೆ, ಓಡುವ ಚಪಲ ಕಡಿಮೆಯಾಗುತ್ತದೆ.

ಸೇವ್ ವ್ಯವಸ್ಥೆಯನ್ನು ಪ್ರೋಗ್ರಾಮರ್‌ಗೆ ಬಿಟ್ಟುಬಿಡುವ ಬರಹಗಾರರಿದ್ದಾರೆ. ಪ್ರತಿ ಸಂಭಾಷಣೆಗೂ ಮುಂಚೆ ಸೇವ್ ಮಾಡಲು ಬಿಟ್ಟರೆ ಆಟಗಾರ ಎರಡೂ ಉತ್ತರ ಒತ್ತಿ ನೋಡಿ, ಲಾಭದ್ದನ್ನು ಇಟ್ಟುಕೊಳ್ಳುತ್ತಾನೆ. ಪರಿಣಾಮ ನಾಲ್ಕೈದು ಆಟದ ದಿನ ತಡವಾಗಿ ಬರುವಂತೆ ಮಾಡಿದರೆ ಹಿಂದೆ ಹೋಗಲು ಅವನಿಗೇ ಬೇಸರವಾಗುತ್ತದೆ. ಆದರೆ ತೀರಾ ತಡವಾದರೆ ಯಾವುದರ ಫಲ ಇದು ಎಂಬುದೇ ಮರೆತಿರುತ್ತದೆ, ಹಾಗಾಗಿ ಆ ಹಳೆಯ ಪಾತ್ರದ ಹೆಸರನ್ನೋ ವಸ್ತುವನ್ನೋ ನಡುವೆ ಒಮ್ಮೆ ಕಣ್ಣಿಗೆ ಬೀಳಿಸಿ.