ಗಣಕದೊಳಗಿನ ಹಂಚಿಕೆಯ ಕಲೆ

ಕೇಳುಗರಿಗೆ ನಮಸ್ಕಾರ.

ಮೊಬೈಲಿನಲ್ಲಿ ಹಾಡು ಕೇಳುತ್ತಿರುವಾಗ ಕರೆ ಬಂದರೆ ಹಾಡು ತಾನಾಗಿ ನಿಂತು, ಮಾತು ಮುಗಿದ ಮೇಲೆ ನಿಂತಲ್ಲಿಂದಲೇ ಮುಂದುವರಿಯುತ್ತದೆ. ಹಾಡಿನ ತಂತ್ರಾಂಶ ಬರೆದವರಿಗೂ ಕರೆಯ ತಂತ್ರಾಂಶ ಬರೆದವರಿಗೂ ಪರಸ್ಪರ ಪರಿಚಯ ಇರಬೇಕಾಗಿಲ್ಲ. ಅವೆರಡರ ನಡುವೆ ನಿಂತು, ಸ್ಪೀಕರ್ ಈಗ ಯಾರಿಗೆ, ಮೆಮೊರಿಯಲ್ಲಿ ಯಾರಿಗೆ ಎಷ್ಟು ಜಾಗ, ಮುಂದಿನ ಕ್ಷಣದಲ್ಲಿ ಪ್ರೊಸೆಸರ್ ಯಾರ ಕೆಲಸ ಮಾಡಬೇಕು ಎಂಬುದನ್ನು ತೀರ್ಮಾನಿಸುವ ತಂತ್ರಾಂಶವೇ ಆಪರೇಟಿಂಗ್ ಸಿಸ್ಟಂ, ಅಂದರೆ ಕಾರ್ಯಾಚರಣಾ ವ್ಯವಸ್ಥೆ.

ಮೊದಲ ಗಣಕಗಳಿಗೆ ಇಂಥದ್ದೇನೂ ಇರಲಿಲ್ಲ. 1946ರಲ್ಲಿ ಜನರೆದುರು ಬಂದ ಎನಿಯಾಕ್ ಯಂತ್ರಕ್ಕೆ ಹೊಸ ಲೆಕ್ಕ ಒಪ್ಪಿಸಬೇಕಾದರೆ ತಂತಿಗಳನ್ನು ಬಿಚ್ಚಿ ಮತ್ತೆ ಜೋಡಿಸಬೇಕಾಗಿತ್ತು. ಮುಂದೆ ಆದೇಶಗಳನ್ನು ರಂಧ್ರಗಳಾಗಿ ಕೊರೆದ ಪಂಚ್ ಕಾರ್ಡುಗಳ ಮೂಲಕ ಕೆಲಸ ಒಪ್ಪಿಸುವ ರೂಢಿ ಬಂದರೂ, ಒಬ್ಬರ ಕೆಲಸ ಮುಗಿದು ಇನ್ನೊಬ್ಬರದು ಆರಂಭವಾಗುವವರೆಗೆ ಆ ದುಬಾರಿ ಯಂತ್ರ ಸುಮ್ಮನಿರುತ್ತಿತ್ತು. ಈ ವ್ಯರ್ಥ ಕಾಲವನ್ನು ಉಳಿಸಲೆಂದು 1956ರಲ್ಲಿ ಜನರಲ್ ಮೋಟರ್ಸ್ ಮತ್ತು ನಾರ್ತ್ ಅಮೆರಿಕನ್ ಏವಿಯೇಷನ್ ಸಂಸ್ಥೆಗಳು ಐಬಿಎಂ 704 ಯಂತ್ರಕ್ಕಾಗಿ ರೂಪಿಸಿದ ವ್ಯವಸ್ಥೆಯು ಸಾಲಾಗಿ ಜೋಡಿಸಿಟ್ಟ ಕೆಲಸಗಳನ್ನು ಒಂದಾದ ಮೇಲೊಂದರಂತೆ ತಾನೇ ನಡೆಸತೊಡಗಿತು.

ಯಂತ್ರದ ಕಾಲವೇನೋ ಉಳಿಯಿತು, ಆದರೆ ಮನುಷ್ಯರ ಕಾಲ ಹಾಳಾಯಿತು. ಕಾರ್ಡುಗಳನ್ನು ಒಪ್ಪಿಸಿ ಗಂಟೆಗಟ್ಟಲೆ ಕಾದವರಿಗೆ ಕೊನೆಗೆ ಸಿಗುತ್ತಿದ್ದುದು ಎಷ್ಟೋ ಸಲ ಒಂದು ಅಲ್ಪವಿರಾಮದ ತಪ್ಪಿನ ಸುದ್ದಿ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಫರ್ನಾಂಡೋ ಕೊರ್ಬಾಟೋ ಮತ್ತು ಸಂಗಡಿಗರು 1961ರಲ್ಲಿ ತೋರಿಸಿದ ಸಿಟಿಎಸ್ಎಸ್ ಎಂಬ ವ್ಯವಸ್ಥೆ ಇದಕ್ಕೆ ಉತ್ತರವಾಗಿತ್ತು. ನನ್ನ ದೃಷ್ಟಿಯಲ್ಲಿ ಈ ಇತಿಹಾಸದ ಅತ್ಯಂತ ಸುಂದರ ಕಲ್ಪನೆ ಇದೇ. ಯಂತ್ರದೊಳಗಿನ ಗಡಿಯಾರವೊಂದು ಆಗಾಗ ಪ್ರೊಸೆಸರನ್ನು ತಡೆಯುತ್ತದೆ. ತಡೆದಾಗಲೆಲ್ಲ ನಿಯಂತ್ರಣ ಕಾರ್ಯಾಚರಣಾ ವ್ಯವಸ್ಥೆಯ ಕೈಗೆ ಮರಳುತ್ತದೆ. ಅದು ನಡೆಯುತ್ತಿದ್ದ ಕೆಲಸದ ಸ್ಥಿತಿಯನ್ನು ಹಾಗೆಯೇ ಕಾದಿರಿಸಿ, ಮುಂದಿನವರಿಗೆ ಸರದಿ ಕೊಡುತ್ತದೆ. ಸರದಿ ಎಷ್ಟು ಬೇಗ ಸುತ್ತಿ ಬರುತ್ತದೆಂದರೆ, ಆ ಒಂದೇ ಗಣಕಕ್ಕೆ ಜೋಡಿಸಿದ ಕೀಲಿಮಣೆಯ ಟರ್ಮಿನಲ್ಲುಗಳ ಮುಂದೆ ಕುಳಿತ ಪ್ರತಿಯೊಬ್ಬರಿಗೂ ಇಡೀ ಗಣಕ ತಮ್ಮೊಬ್ಬರದೇ ಎನಿಸುತ್ತದೆ. ಹಲವರು ಒಂದೇ ಯಂತ್ರ ಬಳಸುವಾಗ ಒಬ್ಬರ ಕಡತ ಇನ್ನೊಬ್ಬರ ಕೈಗೆ ಸಿಗಬಾರದಲ್ಲವೇ? ನಾವು ದಿನವೂ ಒತ್ತುವ ಪಾಸ್‌ವರ್ಡ್ ಗಣಕಕ್ಕೆ ಬಂದದ್ದೂ ಇಂಥ ವ್ಯವಸ್ಥೆಗಳ ಮೂಲಕವೇ.

ಇದೇ ಕಲ್ಪನೆಯನ್ನು ಬಹು ದೊಡ್ಡದಾಗಿ ಬೆಳೆಸಹೊರಟ ಮಲ್ಟಿಕ್ಸ್ ಯೋಜನೆಯಿಂದ ಬೆಲ್ ಪ್ರಯೋಗಾಲಯ 1969ರಲ್ಲಿ ಹೊರಬಂದಿತು. ಅಲ್ಲಿನ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಅದೇ ವರ್ಷ ಪಿಡಿಪಿ-7 ಎಂಬ ಸಣ್ಣ ಯಂತ್ರದ ಮೇಲೆ ಯುನಿಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆಯನ್ನು ಕಟ್ಟಲು ತೊಡಗಿದರು. 1973ರಲ್ಲಿ ಅದರ ತಿರುಳನ್ನು ಒಂದೇ ಜಾತಿಯ ಯಂತ್ರಕ್ಕೆ ಅಂಟಿಕೊಳ್ಳದ, ರಿಚಿಯವರ ಸಿ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ತಿರುಗಿ ಬರೆದದ್ದು ದೊಡ್ಡ ತಿರುವು. ಅಲ್ಲಿಂದಾಚೆಗೆ ವ್ಯವಸ್ಥೆಯೊಂದನ್ನು ಒಂದು ಯಂತ್ರದಿಂದ ಬೇರೆ ಜಾತಿಯ ಯಂತ್ರಕ್ಕೆ ಒಯ್ಯುವುದು ಸುಲಭವಾಯಿತು.

1981ರಲ್ಲಿ ಐಬಿಎಂ ಪರ್ಸನಲ್ ಕಂಪ್ಯೂಟರಿನೊಂದಿಗೆ ಬಂದ ಡಾಸ್ ಎಂಬ ಕಾರ್ಯಾಚರಣಾ ವ್ಯವಸ್ಥೆ ಈ ಪಾಠಗಳಲ್ಲಿ ಬಹಳಷ್ಟನ್ನು ಬದಿಗಿಟ್ಟಿತು. ಬಳಸುವವರು ಒಬ್ಬರೇ ಎಂದ ಮೇಲೆ ರಕ್ಷಣೆ ಏಕೆಂಬ ಭಾವನೆಯಿಂದಲೋ ಏನೋ, ದಾರಿ ತಪ್ಪಿದ ಒಂದು ತಂತ್ರಾಂಶವು ಇಡೀ ಗಣಕವನ್ನೇ ಸ್ತಬ್ಧಗೊಳಿಸಬಹುದಾಗಿತ್ತು. 1984ರ ಮ್ಯಾಕಿಂಟಾಷ್ ಮತ್ತು ಆಮೇಲಿನ ವಿಂಡೋಸ್ ಚಿತ್ರ, ಕಿಟಕಿ, ಮೌಸುಗಳ ಮೂಲಕ ಗಣಕವನ್ನು ಸಾಮಾನ್ಯರ ಹತ್ತಿರ ತಂದವು. ಒಳಗಿನ ಭದ್ರತೆ ಗಟ್ಟಿಯಾಗಲು ಇನ್ನೂ ಹಲವು ವರ್ಷ ಹಿಡಿಯಿತು.

1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ಯುನಿಕ್ಸಿನ ರೀತಿಯಲ್ಲೇ ತಾನು ಬರೆದ ಲಿನಕ್ಸ್ ಕರ್ನಲ್ಲನ್ನು, ಅಂದರೆ ಕಾರ್ಯಾಚರಣಾ ವ್ಯವಸ್ಥೆಯ ತಿರುಳನ್ನು, ಎಲ್ಲರೂ ಓದಿ ತಿದ್ದುವಂತೆ ಹಂಚಿದರು. ಇಂದಿನ ಆಂಡ್ರಾಯ್ಡ್ ಫೋನುಗಳ ತಳದಲ್ಲಿರುವುದು ಅದೇ ಕರ್ನಲ್. ಒಂದೇ ಯಂತ್ರವನ್ನು ಹಂಚಿಕೊಂಡ ಹಲವು ಮನುಷ್ಯರನ್ನು ಬೇರ್ಪಡಿಸಲೆಂದು ಯುನಿಕ್ಸ್ ಪ್ರತಿ ಬಳಕೆದಾರರಿಗೂ ಒಂದೊಂದು ಗುರುತಿನ ಸಂಖ್ಯೆ ಕೊಡುತ್ತಿತ್ತು. ಆಂಡ್ರಾಯ್ಡ್ ಅದೇ ಸಂಖ್ಯೆಯನ್ನು ಸಾಮಾನ್ಯವಾಗಿ ಪ್ರತಿಯೊಂದು ಆ್ಯಪಿಗೂ ಬೇರೆಬೇರೆಯಾಗಿ ಕೊಡುತ್ತದೆ. ಹೀಗಾಗಿ ಒಬ್ಬರೇ ಹಿಡಿದಿರುವ ಫೋನಿನೊಳಗೆ ಹಾಡಿನ ಆ್ಯಪು ಒಬ್ಬ ಬಳಕೆದಾರ, ಬ್ಯಾಂಕಿನ ಆ್ಯಪು ಇನ್ನೊಬ್ಬ ಬಳಕೆದಾರ. ಕರ್ನಲ್ ಒಬ್ಬರ ಕಡತವನ್ನು ಇನ್ನೊಬ್ಬರು ಮುಟ್ಟದಂತೆ ಕಾಯುತ್ತ, ಇಬ್ಬರಿಗೂ ಸರದಿ ಕೊಡುತ್ತಿರುತ್ತದೆ.

ನಮಸ್ಕಾರ.