ಉಮಿ ಸುಟ್ಟ ಜಾಗದಲ್ಲಿ ಉಳಿಯುವ ಗಾಳಿ

ಸಭಿಕರಿಗೆ ನಮಸ್ಕಾರ.

ಅಡಿಕೆ ಸುಗ್ಗಿಯ ರಾತ್ರಿಗಳಲ್ಲಿ ಬೇಯಿಸುವ ಒಲೆಯ ಹಿಂಗೋಡೆಗೆ ಬೆನ್ನು ಕೊಟ್ಟು ಕುಳಿತವರಿಗೆ ಚಳಿ ತಿಳಿಯುವುದಿಲ್ಲ. ಆ ಹಿತವಾದ ಬಿಸಿಯೇ ನನ್ನ ಇಂದಿನ ವಿಷಯ, ಏಕೆಂದರೆ ಅದು ಹಂಡೆಗೆ ಸೇರಬೇಕಾಗಿದ್ದ ಬಿಸಿ. ಅದನ್ನು ಒಲೆಯೊಳಗೇ ತಡೆಯುವ ಹಗುರ ಇಟ್ಟಿಗೆಯನ್ನು ಮಾಡಿಕೊಳ್ಳುವುದು ಹೇಗೆಂದು ಹೇಳುತ್ತೇನೆ. ಗೋಡೆ ದಪ್ಪವಿದ್ದಷ್ಟೂ ಶಾಖ ಒಳಗೇ ನಿಲ್ಲುತ್ತದೆಂದು ನಂಬಿ ನಾವು ಮೊಳದಗಲ ಮಣ್ಣು ಮೆತ್ತುತ್ತೇವೆ. ಆದರೆ ಗಟ್ಟಿ ಮಣ್ಣು ಮೊದಲು ತಾನು ಕಾಯುತ್ತದೆ, ಕುಡಿದ ಶಾಖವನ್ನು ಆಮೇಲೆ ಹೊರಗೆ ಬಿಡುತ್ತದೆ. ಶಾಖವನ್ನು ತಡೆಯುವುದು ಅಲುಗದೆ ನಿಂತ ಗಾಳಿ. ಸಾಧಾರಣ ಉಷ್ಣತೆಯಲ್ಲಿ ಅದರ ಶಾಖವಾಹಕತೆ ಸುಟ್ಟ ಇಟ್ಟಿಗೆಯದರ ಇಪ್ಪತ್ತನೆಯ ಒಂದು ಭಾಗಕ್ಕಿಂತ ಕಡಿಮೆ.

ಆ ಗಾಳಿಯನ್ನು ಇಟ್ಟಿಗೆಯೊಳಗೆ ಕೂಡಿಹಾಕಲು ಜೇಡಿಮಣ್ಣಿಗೆ ಉಮಿಯನ್ನೋ ಮರದ ಪುಡಿಯನ್ನೋ ಕಲಸಿ ಸುಡುತ್ತಾರೆ. ಕಲಸಿದ್ದು ಉರಿದುಹೋಗಿ ಅದರ ಜಾಗ ಪೊಳ್ಳಾಗುತ್ತದೆ. ಮರದ ಪುಡಿ ಬೂದಿಯನ್ನೇ ಉಳಿಸುವುದಿಲ್ಲವೆನ್ನಬಹುದು. ಉಮಿಯಾದರೋ ತನ್ನ ತೂಕದ ಸುಮಾರು 20 ಪ್ರತಿಶತದಷ್ಟು ಬೂದಿ ಬಿಡುತ್ತದೆ, ಅದರಲ್ಲಿ ಬಹುಪಾಲು ಸಿಲಿಕಾ. ಅದು ಪೊಳ್ಳಿನೊಳಗೆ ಬಲೆಯಂತೆ ಉಳಿದುಕೊಳ್ಳುತ್ತದೆ. ರಸ್ತೆಬದಿಯಲ್ಲಿ ರಾಶಿ ಬಿದ್ದು ಹೊಗೆಯಾಡುವ ಅಡಿಕೆ ಸಿಪ್ಪೆಯನ್ನು ಬಳಸುವಾಸೆ ನನಗೂ ಇದೆ. ಆದರೆ ಅದರ ನಾರನ್ನು ಸಣ್ಣಗೆ ಕತ್ತರಿಸದಿದ್ದರೆ ಅಚ್ಚಿನಿಂದ ಇಟ್ಟಿಗೆ ಬಿಡಿಸುವಾಗಲೇ ಮೂಲೆಗಳು ಕಿತ್ತುಬರುತ್ತವೆ.

ನಮ್ಮ ಕೆಂಪು ಮಣ್ಣಿನಲ್ಲಿ ಕಬ್ಬಿಣದ ಅಂಶ ಹೆಚ್ಚು, ಆದ್ದರಿಂದ ಅದು ಅತಿ ಉರಿಗೆ ಕರಗುವ ಮಣ್ಣು. ಅಡಿಕೆ ಒಲೆಗೆ, ಬೆಲ್ಲದ ಒಲೆಗೆ ಸಾಕು. 1923ರಲ್ಲಿ ಭದ್ರಾವತಿಯಲ್ಲಿ ಉರಿ ಕಂಡ, ಕಬ್ಬಿಣ ಕರಗಿಸುವ ಊದುಕುಲುಮೆಯಂಥದಕ್ಕೆ ಸಲ್ಲದು.

ತೂಕದಲ್ಲಲ್ಲ, ಅಳತೆಯಲ್ಲಿ ಸಮಭಾಗ ಮಣ್ಣು, ಸಮಭಾಗ ಉಮಿ ಎಂದು ಆರಂಭಿಸುವುದು ಕ್ಷೇಮ. ಉಮಿ ಹೆಚ್ಚಿದಷ್ಟೂ ಇಟ್ಟಿಗೆ ಹಗುರವಾಗುತ್ತದೆ, ಜೊತೆಗೆ ಬೆರಳಿಗೇ ಪುಡಿಯಾಗುವಷ್ಟು ದುರ್ಬಲವೂ ಆಗುತ್ತದೆ. 23 ಸೆಂ.ಮೀ. ಉದ್ದ, 11 ಅಗಲ, 7.5 ದಪ್ಪದ ಮಾಮೂಲಿ ಇಟ್ಟಿಗೆ ಸುಮಾರು 3 ಕಿಲೋ ತೂಗುತ್ತದೆ; ಅದೇ ಗಾತ್ರದ್ದು 2 ಕಿಲೋದ ಆಸುಪಾಸಿಗೆ ಇಳಿದರೆ ಕೆಲಸ ಸರಿಯಾಗಿದೆಯೆಂದು ತಿಳಿಯಬಹುದು. ಅಂಗಡಿಯ ತಕ್ಕಡಿಯೇ ಇಲ್ಲಿ ನಮ್ಮ ಪ್ರಯೋಗಾಲಯ.

ಹೆಚ್ಚಿನವರು ಎಡವುವುದು ಇಟ್ಟಿಗೆ ಸುಡುವ ಗೂಡಿನಲ್ಲಿ, ಎಡವಿದವರಲ್ಲಿ ನಾನೂ ಒಬ್ಬ. ಮೊದಲ ಸಲ ಅವಸರದಿಂದ ಉರಿ ಏರಿಸಿ, ಮೇಲ್ನೋಟಕ್ಕೆ ಚೆಂದ ಕೆಂಪಾದ ಇಟ್ಟಿಗೆಯನ್ನು ಒಡೆದು ನೋಡಿದರೆ ಒಳಗೆ ಇದ್ದಿಲಿನಂಥ ಕಪ್ಪು ತಿರುಳು. ಹೊರಮೈ ಬಿಗಿದುಕೊಳ್ಳುವ ಮೊದಲು ಒಳಗಿನ ಉಮಿಗೆ ಗಾಳಿ ತಲುಪಿರಲಿಲ್ಲ. ಅಲ್ಲದೆ ಗಾಳಿ ಸಿಗದ ಕಡೆ ಮಣ್ಣಿನ ಕಬ್ಬಿಣವೂ ರೂಪ ಬದಲಿಸಿ, ಮಣ್ಣು ಬೇಗ ಕರಗುವಂತೆ ಮಾಡುತ್ತದೆ. ಆದ್ದರಿಂದ ಸುಮಾರು 300ರಿಂದ 600 ಡಿಗ್ರಿ ಸೆಲ್ಸಿಯಸ್‌ವರೆಗೆ ಉರಿಯನ್ನು ನಿಧಾನವಾಗಿ, ಗೂಡಿನ ಗಾಳಿಕಂಡಿ ತೆರೆದಿಟ್ಟೇ ಏರಿಸಬೇಕು. ಮಣ್ಣಿನಲ್ಲಿರುವ ಮರಳಿನ ಸ್ಫಟಿಕ 573 ಡಿಗ್ರಿಯಲ್ಲಿ ಹಠಾತ್ತನೆ ಹಿಗ್ಗುವುದರಿಂದ ಬಿರುಕಿನ ಭಯವೂ ಈ ಹಂತದಲ್ಲೇ ಇದೆ.

ಇನ್ನು ಒಣಗಿಸುವುದು. ಆಗುಂಬೆಯ ಸೀಮೆಯಲ್ಲಿ ಮಳೆಗಾಲದ ಇಟ್ಟಿಗೆ ಒಣಗುವ ಬದಲು ಪಾಚಿ ಕಟ್ಟುತ್ತದೆ. ಜನವರಿಯಿಂದ ಏಪ್ರಿಲ್‌ವರೆಗೆ ನೆರಳಿನಲ್ಲಿ, ಸಾಲು ತಿರುಗಿಸುತ್ತ ಒಣಗಿಸುವುದೊಂದೇ ದಾರಿ.

ಒಲೆ ಕಟ್ಟುವಾಗ ಸೌದೆ ತುರುಕುವ ಬಾಯಿಗೆ ಮಾಮೂಲಿ ಇಟ್ಟಿಗೆಯನ್ನೇ ಇಡಿ, ಹಗುರ ಇಟ್ಟಿಗೆ ಸೌದೆಯ ಪೆಟ್ಟು ತಾಳುವುದಿಲ್ಲ. ಉಳಿದ ಒಳಮೈಗೆ ಹಗುರ ಇಟ್ಟಿಗೆ ಕಟ್ಟಿ, ತೆಳುವಾಗಿ ಮಣ್ಣು ಸವರಿ. ಹಂಡೆಯ ಅಂಚಿನ ಸುತ್ತ ಮಾತ್ರ ಎರಡು ಕೈ ಸವರಬೇಕು. ಉಕ್ಕಿದ ಚೊಗರನ್ನು, ಅಂದರೆ ಅಡಿಕೆ ಬೇಯಿಸಿದ ನೀರನ್ನು, ಈ ಹಗುರ ಇಟ್ಟಿಗೆ ಬತ್ತಿಯಂತೆ ಹೀರುತ್ತದೆ, ಒದ್ದೆಯಾದ ಪೊಳ್ಳು ಶಾಖವನ್ನು ತಡೆಯುವುದಿಲ್ಲ.